ಅಸಾಕುಸಾ: ಬೆಸ್ತರ ಬಲೆಯಿಂದ ಬೆಳೆದ ಪೇಟೆ

ಜಪಾನಿನ ರಾಜಧಾನಿಯಾದ ಟೋಕಿಯೊ ಮಹಾನಗರವು ಇಪ್ಪತ್ಮೂರು ಆಡಳಿತ ವಿಭಾಗಗಳಾಗಿ ಹಂಚಿಕೊಂಡಿದೆ. ಅವುಗಳಲ್ಲಿ ವಿಸ್ತೀರ್ಣದಿಂದ ಎಲ್ಲಕ್ಕೂ ಕಿರಿದಾದುದು ತೈತೊ ವಿಭಾಗ. ಅದರ ಪೂರ್ವದ ಅಂಚಿನಲ್ಲಿ, ಸುಮಿದಾ ನದಿಯ ಪಶ್ಚಿಮ ದಂಡೆಯ ಮೇಲೆ ಅಸಾಕುಸಾ ಎಂಬ ಹಳೆಯ ಪೇಟೆಯಿದೆ. ನಮ್ಮ ಸಮಾಜದ ಕೆಲವು ಮನೆಗಳ ಮಕ್ಕಳು ಉದ್ಯೋಗಾರ್ಥವಾಗಿ ಆ ದೇಶದಲ್ಲಿ ನೆಲೆಸಿರುವುದರಿಂದ ತಂದೆ ತಾಯಿಗಳೂ ಆಗಾಗ ಅಲ್ಲಿಗೆ ಹೋಗಿಬರುವುದುಂಟು. ಹೋದವರನ್ನು ಮಕ್ಕಳು ಮೊದಲು ಕರೆದೊಯ್ಯುವುದು ಸಾಮಾನ್ಯವಾಗಿ ಅಸಾಕುಸಾಕ್ಕೇ. ಕೆಂಪು ದೀಪದ ಬುಟ್ಟಿಯ ಮುಂದೆ ನಿಂತು ಒಂದು ಭಾವಚಿತ್ರ, ಅಂಗಡಿ ಸಾಲಿನಲ್ಲಿ ಒಂದು ಸುತ್ತು, ಅಲ್ಲಿಗೆ ಸಂದರ್ಶನ ಮುಗಿಯಿತು. ಆ ಪೇಟೆಯು ಯಾರಿಂದ ಬೆಳೆಯಿತು, ಯಾರ ಬೆವರಿನಿಂದ ನಿಂತಿದೆ ಎಂಬುದನ್ನು ಅರಿತು ನೋಡಿದರೆ ಕಾಣುವ ಅಸಾಕುಸಾ ಬೇರೆಯೇ ಆಗುತ್ತದೆ. ಆ ದೃಷ್ಟಿಯಿಂದ ಈ ಸಲ ಕೆಲವು ಮಾತುಗಳನ್ನು ಬರೆಯಲು ಬಯಸುತ್ತೇವೆ.

ಪೇಟೆಯ ಹೃದಯಸ್ಥಾನವು ಸೆನ್ಸೋಜಿ ಎಂಬ ಬೌದ್ಧ ದೇವಾಲಯ. ಕ್ರಿ.ಶ. 628ರಲ್ಲಿ ಹಿನೊಕುಮಾ ಮನೆತನದ ಹಮನಾರಿ, ತಕೆನಾರಿ ಎಂಬ ಇಬ್ಬರು ಸೋದರರು ನದಿಯಲ್ಲಿ ಮೀನಿಗೆ ಬಲೆ ಬೀಸಿದರಂತೆ. ಮೀನು ಬರಲಿಲ್ಲ, ಒಂದು ಪುಟ್ಟ ವಿಗ್ರಹ ಬಂತು. ಮರಳಿ ನೀರಿಗೆಸೆದರೂ ಅದೇ ವಿಗ್ರಹ ಮತ್ತೆ ಮತ್ತೆ ಬಲೆಗೆ ಸಿಕ್ಕಿತು. ಊರಿನ ಮುಖ್ಯಸ್ಥನಾದ ಹಾಜಿ ನೊ ನಕತೊಮೊ ಎಂಬಾತನು ಅದನ್ನು ಕನ್ನೊನ್ ಎಂದು ಗುರುತಿಸಿ, ತಾನು ಸಂನ್ಯಾಸಿಯಾಗಿ, ತನ್ನ ಮನೆಯನ್ನೇ ಗುಡಿಯನ್ನಾಗಿ ಮಾಡಿದನೆಂದು ಐತಿಹ್ಯವು ಹೇಳುತ್ತದೆ. ಕನ್ನೊನ್ ಎಂದರೆ ಮತ್ತಾರೂ ಅಲ್ಲ, ಭರತಖಂಡದಿಂದ ಚೀನಾ ದೇಶದ ಮಾರ್ಗವಾಗಿ ಹೋದ ಕರುಣಾಮೂರ್ತಿ ಅವಲೋಕಿತೇಶ್ವರ.

ಇಂಥ ಐತಿಹ್ಯಗಳು ನಮ್ಮ ನಾಡಿನಲ್ಲಿಯೂ ಬೇಕಾದಷ್ಟಿವೆ. ವಿಶೇಷವಿರುವುದು ಅದರ ಮುಂದಿನ ಸಂಗತಿಯಲ್ಲಿ. ಸೆನ್ಸೋಜಿಯ ಮಗ್ಗುಲಲ್ಲಿಯೇ ಅಸಾಕುಸಾ ಜಿಂಜಾ ಎಂಬ ಇನ್ನೊಂದು ಗುಡಿಯುಂಟು. ಅಲ್ಲಿ ಪೂಜೆಗೊಳ್ಳುವವರು ಆ ಇಬ್ಬರು ಬೆಸ್ತರು ಮತ್ತು ಅವರ ಊರಿನ ಮುಖ್ಯಸ್ಥ. ಜನರು ಅದನ್ನು ‘ಸಾಂಜಾ’ ಎಂದರೆ ಮೂವರ ಗುಡಿ ಎಂದೇ ಕರೆಯುತ್ತಾರೆ. ಇದನ್ನು 1649ರಲ್ಲಿ ಕಟ್ಟಿಸಿದವನು ತೊಕುಗಾವಾ ವಂಶದ ಇಯೆಮಿತ್ಸು, ಆಗ ಇಡೀ ಜಪಾನನ್ನು ಆಳುತ್ತಿದ್ದ ಶೋಗುನ್. ನಾಡನ್ನಾಳುವವನು ಬಲೆ ಬೀಸಿದವರಿಗೆ ಗುಡಿ ಕಟ್ಟಿಸಿದನೆಂಬುದು ಸಣ್ಣ ಮಾತಲ್ಲ. ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯನವರನ್ನು ಅನುಭವ ಮಂಟಪದ ಶರಣರಲ್ಲಿ ಕಂಡ ನಮ್ಮವರಿಗೆ ಈ ಗುಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕೆನಿಸುವುದು ಸಹಜ. ಪ್ರವಾಸಿಗಳೋ ದೊಡ್ಡ ದೇವಾಲಯವನ್ನು ನೋಡಿ ಇದರ ಪಕ್ಕದಲ್ಲಿಯೇ ಹಾದು ಹೋಗಿಬಿಡುತ್ತಾರೆ. ಮೇ ತಿಂಗಳ ಮೂರನೆಯ ವಾರಾಂತ್ಯದಲ್ಲಿ ಮಾತ್ರ ಇಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಸಾಂಜಾ ಉತ್ಸವದ ಆ ದಿನಗಳಲ್ಲಿ ಪೇಟೆಯ 44 ಓಣಿಗಳವರು ತಮ್ಮ ತಮ್ಮ ಪಲ್ಲಕ್ಕಿಗಳನ್ನು ಹೊತ್ತು ಕುಣಿಸುತ್ತ ಬರುತ್ತಾರೆ. ಅಂಗಡಿಯವರು, ಬಡಗಿಗಳು, ಅಡಿಗೆಯವರು ಎಲ್ಲರೂ ಹೆಗಲು ಕೊಡುವವರೇ.

ದೇವಾಲಯಕ್ಕೆ ಹೋಗುವ ದಾರಿಯಲ್ಲಿ ಮೊದಲು ಎದುರಾಗುವುದು ಕಮಿನಾರಿಮೊನ್, ಎಂದರೆ ಸಿಡಿಲಿನ ಬಾಗಿಲು. ವಾಯು ಮತ್ತು ಸಿಡಿಲಿನ ದೇವತೆಗಳು ಎರಡು ಪಕ್ಕಗಳಲ್ಲಿ ಕಾವಲಿದ್ದಾರೆ. ನಡುವೆ ತೂಗುವ ಕೆಂಪು ಕಾಗದದ ದೀಪದ ಬುಟ್ಟಿಯ ಎತ್ತರ 3.9 ಮೀಟರು, ತೂಕ ಸುಮಾರು 700 ಕಿಲೋಗ್ರಾಂ. ಈ ಬಾಗಿಲು 1865ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ 95 ವರ್ಷಗಳ ಕಾಲ ಇರಲೇ ಇಲ್ಲ. ವಿದ್ಯುದುಪಕರಣಗಳ ಪ್ರಸಿದ್ಧ ಉದ್ಯಮಿ ಕೊನೊಸುಕೆ ಮತ್ಸುಶಿತಾ ಅವರು ಕಾಯಿಲೆಯಿಂದ ಗುಣ ಹೊಂದಿದುದಕ್ಕೆ ಹರಕೆಯಾಗಿ 1960ರಲ್ಲಿ ಅದನ್ನು ಮತ್ತೆ ಕಟ್ಟಿಸಿಕೊಟ್ಟರು. ಅಲ್ಲಿಂದ ಒಳಗೆ ಸುಮಾರು 250 ಮೀಟರು ಉದ್ದಕ್ಕೆ ನಕಮಿಸೆ ಎಂಬ ಅಂಗಡಿ ಸಾಲು. ಬೀಸಣಿಗೆ, ಬಾಚಣಿಗೆ, ಮಕ್ಕಳ ಆಟಿಕೆ, ನಮ್ಮ ಮಂಡಕ್ಕಿ ಉಂಡೆಯ ದಾಯಾದಿಯಂತಿರುವ ಅಕ್ಕಿಯ ಮಿಠಾಯಿ. ಜಾತ್ರೆಯ ಅಂಗಡಿ ಸಾಲನ್ನು ಕಂಡವರಿಗೆ ಇದನ್ನು ವರ್ಣಿಸಬೇಕಾಗಿಲ್ಲ.

ಮುಖ್ಯ ಮಂದಿರದ ಮುಂದಿನ ದೊಡ್ಡ ಧೂಪಪಾತ್ರೆಯ ಸುತ್ತ ನಿಂತು ಜನರು ಹೊಗೆಯನ್ನು ಕೈಯಿಂದ ಮೈಗೆ ಸವರಿಕೊಳ್ಳುತ್ತಾರೆ. ನೋವಿರುವ ಅಂಗಕ್ಕೆ ಅದು ಹಿತವೆಂದು ನಂಬುಗೆ. ಪಕ್ಕದಲ್ಲಿ ಭವಿಷ್ಯದ ಚೀಟಿ ತೆಗೆಯುವ ಪೆಟ್ಟಿಗೆಗಳಿವೆ. ಕೆಟ್ಟ ಚೀಟಿ ಬಂದರೆ ಅದನ್ನು ಅಲ್ಲಿಯೇ ತಂತಿಗೆ ಕಟ್ಟಿ ಹೋಗುವುದು ವಾಡಿಕೆ. ಶಕುನ, ಮುಹೂರ್ತಗಳನ್ನು ಶರಣರು ಒಪ್ಪಿದವರಲ್ಲವಾದ್ದರಿಂದ ನಮ್ಮವರು ಆ ಪೆಟ್ಟಿಗೆಯನ್ನು ಅಲುಗಿಸಬೇಕಾದ ಅಗತ್ಯವಿಲ್ಲ. ಬೇರೆಯವರು ಅಲುಗಿಸುವುದನ್ನು ನೋಡಿ ನಗಬೇಕಾದ ಅಗತ್ಯವೂ ಇಲ್ಲ.

ಗರ್ಭಗುಡಿಯೊಳಗೆ ನದಿಯಲ್ಲಿ ಸಿಕ್ಕಿದ ಆ ಮೂರ್ತಿ ಕಾಣುವುದೇ ಎಂದು ಕೇಳಿದರೆ, ಇಲ್ಲ. ಏಳನೆಯ ಶತಮಾನದಲ್ಲಿಯೇ ಅದನ್ನು ಯಾರೂ ನೋಡಕೂಡದ ಗುಪ್ತಮೂರ್ತಿಯೆಂದು ವಿಧಿಸಲಾಯಿತೆಂದು ಪರಂಪರೆಯು ಹೇಳುತ್ತದೆ. ಅದರ ಮುಂದಿರುವ ಇನ್ನೊಂದು ಮೂರ್ತಿಯ ದರ್ಶನವೂ ಡಿಸೆಂಬರ್ 13ರಂದು ಸ್ವಲ್ಪ ಹೊತ್ತು ಮಾತ್ರ. ಕೋಟಿ ಸಂಖ್ಯೆಯ ಜನರು ಬಂದು ಮುಚ್ಚಿದ ಬಾಗಿಲಿಗೆ ಕೈಮುಗಿದು ಹೋಗುತ್ತಾರೆ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಕಣ್ತುಂಬ ನೋಡಿ ಪೂಜಿಸುವ ನಮಗೆ ಇದು ಎದುರು ದಿಕ್ಕಿನ ದಾರಿಯಾಗಿ ತೋರುತ್ತದೆ.

ಇಂದು ಕಾಣುವ ಮಂದಿರವು ಹಳೆಯದಲ್ಲ. ಇಯೆಮಿತ್ಸು ಕಟ್ಟಿಸಿದ 1649ರ ಮರದ ಮಂದಿರವು ಸುಮಾರು ಮುನ್ನೂರು ವರ್ಷ ಬಾಳಿತು. 1923ರ ಸೆಪ್ಟೆಂಬರ್ 1ರ ಮಹಾಭೂಕಂಪದಲ್ಲಿ ಅಸಾಕುಸಾ ಬಹುತೇಕ ಸುಟ್ಟು ಹೋಯಿತು. ಅಲ್ಲಿನ ಹೆಮ್ಮೆಯಾಗಿದ್ದ ಹನ್ನೆರಡು ಅಂತಸ್ತಿನ ಗೋಪುರವು ನಡುವಿಗೇ ಮುರಿಯಿತು. ಆದರೆ ಕನ್ನೊನ್ ಮಂದಿರವು ಉಳಿಯಿತು. ಅದರ ಆವರಣವನ್ನು ಸೇರಿದವರೂ ಉಳಿದರು. ಕನ್ನೊನ್ ಕಾಯುತ್ತಾಳೆ ಎಂಬ ನಂಬುಗೆ ಅಲ್ಲಿಂದ ಗಟ್ಟಿಯಾಯಿತು. ಇಪ್ಪತ್ತೆರಡು ವರ್ಷಗಳ ಮೇಲೆ, 1945ರ ಮಾರ್ಚ್ 10ರ ನಡುರಾತ್ರಿಯ ಅನಂತರ ಅಮೆರಿಕದ ಬಾಂಬು ವಿಮಾನಗಳು ಟೋಕಿಯೊದ ಪೂರ್ವ ಭಾಗದ ಮೇಲೆ ಬೆಂಕಿಯ ಮಳೆಗರೆದಾಗ ಜನರು ಅದೇ ನಂಬುಗೆಯಿಂದ ಮಂದಿರದತ್ತ ಓಡಿದರು. ಈ ಸಲ ಮಂದಿರವೂ ಉರಿಯಿತು, ಐದು ಅಂತಸ್ತಿನ ಪಗೋಡವೂ ಉರಿಯಿತು. ಸಮೀಪದ ಕೊತೊತೊಯಿ ಸೇತುವೆಯ ಮೇಲೆ ಎರಡೂ ದಂಡೆಗಳವರು ಆಚೆಯ ದಡದಲ್ಲಿ ಬದುಕಿಯೇವೆಂದು ಎದುರುಬದುರಾಗಿ ನುಗ್ಗಿ ನಡುವೆ ಸಿಕ್ಕಿಕೊಂಡರು. ಬೆಂಕಿಯು ಸೇತುವೆಯನ್ನು ದಾಟಿತು. ಆ ಒಂದು ರಾತ್ರಿಯಲ್ಲಿ ಸುಮಾರು ಒಂದು ಲಕ್ಷ ಜನರು ಸತ್ತರು.

ದೇವರು ಕಾಯಲಿಲ್ಲವೆಂದು ಉಳಿದವರು ಮನೆಗಳನ್ನಷ್ಟೇ ಕಟ್ಟಿಕೊಂಡು ಸುಮ್ಮನಿರಬಹುದಾಗಿತ್ತು. ಆದರೆ ಭಕ್ತರ ಕಾಣಿಕೆಯಿಂದ 1958ರಲ್ಲಿ ಮುಖ್ಯ ಮಂದಿರವೂ 1973ರಲ್ಲಿ ಪಗೋಡವೂ ಮತ್ತೆ ಎದ್ದವು. ಈ ಸಲ ಮರದಿಂದಲ್ಲ, ಕಾಂಕ್ರೀಟಿನಿಂದ. 2010ರಲ್ಲಿ ಮಂದಿರದ ಮಾಡಿಗೆ ಟೈಟೇನಿಯಂ ಲೋಹದ ಹಗುರವಾದ ಹೆಂಚುಗಳನ್ನು ಹೊದಿಸಿದರು; ಭೂಕಂಪದಲ್ಲಿ ಭಾರವಾದ ಮಾಡೇ ಮೃತ್ಯು ಎಂಬುದನ್ನು ಅವರು ಅನುಭವದಿಂದ ಬಲ್ಲರು. ಕೆಲವು ಪ್ರವಾಸಿಗಳು ‘ಇದು ಕಾಂಕ್ರೀಟು, ಅಸಲಲ್ಲ’ ಎಂದು ಮೂಗು ಮುರಿಯುವುದನ್ನು ಕೇಳಿದ್ದೇವೆ. ಹಾಗೆನ್ನುವವರು ಆವರಣದಲ್ಲಿರುವ ಹಳೆಯ ಗಿಂಕೊ ಮರವನ್ನು ಒಮ್ಮೆ ನೋಡಬೇಕು. ಅದರ ಕಾಂಡದಲ್ಲಿ 1945ರ ಇದ್ದಲುಗಪ್ಪು ಇಂದಿಗೂ ಇದೆ. ಪ್ರತಿ ವಸಂತದಲ್ಲಿ ಮೇಲೆ ಹಸಿರು ಒಡೆಯುತ್ತದೆ. ನದಿಯ ದಂಡೆಯ ಉದ್ಯಾನದಲ್ಲಿ, ಕೊತೊತೊಯಿ ಸೇತುವೆಯ ಹತ್ತಿರ, ಆ ರಾತ್ರಿ ಮಡಿದವರ ಸ್ಮಾರಕ ಶಿಲೆಯುಂಟು. ಚೆರ್ರಿ ಹೂವಿನ ಕಾಲದಲ್ಲಿ ಅದರ ಸುತ್ತಲೂ ಜನ ಚಾಪೆ ಹಾಸಿ ಬುತ್ತಿ ಬಿಚ್ಚುತ್ತಾರೆ. ಅಂದಿನ ಬೆಂಕಿಯಲ್ಲಿ ಉಳಿದ ಹಳೆಯ ಕಟ್ಟಡಗಳಲ್ಲಿ ಮೊದಲು ಹೆಸರಿಸಬೇಕಾದವು ಪೂರ್ವದ ನಿತೆನ್‌ಮೊನ್ ಎಂಬ 1618ರ ಬಾಗಿಲು ಮತ್ತು ಮೂವರ ಗುಡಿ. ದೊಡ್ಡ ಗುಡಿ ಹೋಗಿ, ಬೆಸ್ತರ ಗುಡಿ ನಿಂತಿತು.

ದೇವಾಲಯದಿಂದ ಈಶಾನ್ಯಕ್ಕೆ ನದಿಯ ಗುಂಟ ಹತ್ತು ನಿಮಿಷ ನಡೆದರೆ ಮತ್ಸುಚಿಯಾಮಾ ಎಂಬ ದಿಣ್ಣೆ ಸಿಗುತ್ತದೆ. ಅದರ ಮೇಲಿನ ಚಿಕ್ಕ ದೇವಾಲಯವು ಸೆನ್ಸೋಜಿಗೆ ಸೇರಿದ ಶಾಖೆ. ಅಲ್ಲಿರುವ ಶೋದೆನ್ ಎಂಬ ದೇವತೆಯು ನಮ್ಮ ಗಣಪತಿಯೇ! ಆನೆಯ ಮುಖದ ಎರಡು ಮೂರ್ತಿಗಳು ಒಂದನ್ನೊಂದು ಅಪ್ಪಿಕೊಂಡಿರುವುದು ಜಪಾನಿನಲ್ಲಿ ಈ ದೇವತೆಯ ರೂಢಿಯ ರೂಪ. ಅದೂ ಗುಪ್ತಮೂರ್ತಿಯೇ ಆದ್ದರಿಂದ ಭಕ್ತರಿಗೆ ಕಾಣುವುದಿಲ್ಲ. ಕಾಣುವುದು ಮೂಲಂಗಿ. ಕಂಬ, ದೀಪ, ಮೆಟ್ಟಿಲುಗಳಲ್ಲೆಲ್ಲ ಒಂದನ್ನೊಂದು ತಬ್ಬಿದ ಜೋಡಿ ಮೂಲಂಗಿಯ ಮತ್ತು ಹಣದ ಚೀಲದ ಕೆತ್ತನೆ. ಭಕ್ತರು ತೆಂಗಿನಕಾಯಿಯ ಬದಲು ಬಿಳಿಯ ಉದ್ದ ಮೂಲಂಗಿಯನ್ನು ಅರ್ಪಿಸುತ್ತಾರೆ. ಅದು ಮನಸ್ಸಿನ ಸಿಟ್ಟು ಮೊದಲಾದ ವಿಷಗಳನ್ನು ಕಳೆಯುವುದೆಂದು ಅವರ ವಿವರಣೆ. ಅರ್ಪಿಸಿದ ಮೂಲಂಗಿಗಳನ್ನು ಬಂದವರಿಗೆ ಹಂಚಿಬಿಡುತ್ತಾರೆ. ಜನವರಿ 7ರ ಮೂಲಂಗಿ ಉತ್ಸವದಲ್ಲಿ ಅವನ್ನು ಬೇಯಿಸಿ ಬಿಸಿಬಿಸಿಯಾಗಿ ಎಲ್ಲರಿಗೂ ಬಡಿಸುತ್ತಾರೆ. ದಾಸೋಹವನ್ನು ಕಂಡ ಮನೆಯವರಿಗೆ ಇದು ಪರಕೀಯವೆನಿಸದು. ದಿಣ್ಣೆ ಹತ್ತಲಾಗದ ವೃದ್ಧರಿಗೆ ಚಿಕ್ಕದೊಂದು ಹಳಿಯ ಗಾಡಿಯನ್ನೂ ಇಟ್ಟಿದ್ದಾರೆ.

ಆಹಾರದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಜಪಾನಿನಲ್ಲಿ ತರಕಾರಿಯದೆಂದು ಕಾಣುವ ಸಾರು, ಶಾವಿಗೆಯಂಥ ತಿನಿಸುಗಳಿಗೂ ಒಣಮೀನಿನ ರಸವನ್ನು ಬೆರೆಸುವುದು ಸಾಮಾನ್ಯ. ‘ಮಾಂಸವಿಲ್ಲ’ ಎಂದು ಅವರು ಹೇಳಿದರೆ ಮೀನು ಇಲ್ಲವೆಂದು ಅರ್ಥವಲ್ಲ. ‘ಶೋಜಿನ್’ ಎಂದು ಕೇಳಿದರೆ ಬೌದ್ಧ ಸಂನ್ಯಾಸಿಗಳ ಸಸ್ಯಾಹಾರವೆಂದು ತಿಳಿಯುತ್ತಾರೆ, ಆದರೆ ಅದು ಎಲ್ಲೆಡೆ ದೊರೆಯದು. ಅಸಾಕುಸಾದ ಹೆಸರಾಂತ ಗೆಣಸಿನ ಮಿಠಾಯಿಯು ಗೆಣಸು, ಸಕ್ಕರೆ, ಉಪ್ಪುಗಳಿಂದಾದುದು, ಮಕ್ಕಳಿಗೆ ಕೊಡಿಸಬಹುದು. ಪಶ್ಚಿಮಕ್ಕಿರುವ ಕಪ್ಪಾಬಾಶಿ ಬೀದಿಯಲ್ಲಿ ಅಡಿಗೆಯ ಪಾತ್ರೆ ಪಡಗ, ಚಾಕು ಚೂರಿಗಳ ಅಂಗಡಿಗಳು ನೂರಾರು. ಹೋಟೆಲುಗಳ ಕಿಟಕಿಯಲ್ಲಿಡುವ ಪ್ಲಾಸ್ಟಿಕ್ಕಿನ ಹುಸಿ ಊಟವೂ ಅಲ್ಲಿ ಮಾರಾಟಕ್ಕಿದೆ. ಗೃಹಿಣಿಯರಿಗೆ ಅರ್ಧ ದಿನ ಸಾಲದು.

ಇನ್ನು ಯಾವ ಪ್ರವಾಸಿ ಪಟ್ಟಿಯಲ್ಲಿಯೂ ಎದ್ದು ಕಾಣದ ಒಂದು ಸಂಗತಿ. ಮತ್ಸುಚಿಯಾಮಾದ ಆಚೆ, ಇಮಾದೊ ಎಂಬ ಕಡೆ, ಶೋಗುನ್‌ರ ಕಾಲದಲ್ಲಿ ದಾಂಜಾಯೆಮೊನ್ ಎಂಬ ಹೆಸರಿನ ಮುಖ್ಯಸ್ಥನ ಬಿಡಾರವಿತ್ತು. ಅದು ವಂಶಪಾರಂಪರ್ಯವಾಗಿ ಬಂದ ಹೆಸರು. ಹದಿಮೂರು ತಲೆಗಳವರೆಗೆ ನಡೆಯಿತು. ಪೂರ್ವ ಜಪಾನಿನ ಚರ್ಮದ ಕೆಲಸದವರೆಲ್ಲ ಅವನ ಆಳಿಕೆಗೆ ಒಳಪಟ್ಟಿದ್ದರು. ಅವರನ್ನು ಕರೆಯುತ್ತಿದ್ದ ‘ಎತಾ’ ಎಂಬ ಶಬ್ದವನ್ನು ಬರೆಯುತ್ತಿದ್ದ ಅಕ್ಷರಗಳಿಗೆ ‘ಹೇರಳ ಮೈಲಿಗೆ’ ಎಂದರ್ಥ. ಸೈನಿಕರ ಕವಚಕ್ಕೆ ಅವರು ಹದ ಮಾಡಿದ ಚರ್ಮ ಬೇಕು, ಉತ್ಸವದ ನಗಾರಿಗೆ ಚರ್ಮ ಬೇಕು. ದೀಪದ ಬತ್ತಿಯನ್ನು ಮಾರುವ ಹಕ್ಕೂ ಆ ಮುಖ್ಯಸ್ಥನದೇ ಆಗಿತ್ತು. ಬತ್ತಿ ಅವರದು, ಬೆಳಕು ಎಲ್ಲರದು. ಅವರು ಮಾತ್ರ ಊರ ಹೊರಗೆ.

ಮೀನು ಹಿಡಿದವರಿಗೆ ಗುಡಿ ಕಟ್ಟಿದ ಅದೇ ಊರು ಚರ್ಮ ಹದಗೊಳಿಸಿದವರನ್ನು ಮುಟ್ಟಲಿಲ್ಲ. ಹರಳಯ್ಯನವರ ಹೆಸರನ್ನು ನಿತ್ಯವೂ ನೆನೆಯುವ ನಾವು ಇದನ್ನು ಪರದೇಶದ ಕಥೆಯೆಂದು ದೂರವಿಡುವಂತಿಲ್ಲ. 1871ರಲ್ಲಿ ಸರ್ಕಾರದ ಆಜ್ಞೆಯಿಂದ ಆ ಹೆಸರೂ ಭೇದವೂ ಕಾಗದದ ಮೇಲೆ ಅಳಿದವು. ಕೊನೆಯ ದಾಂಜಾಯೆಮೊನ್ ಪಾಶ್ಚಾತ್ಯ ರೀತಿಯ ಪಾದರಕ್ಷೆಗಳನ್ನು ತಯಾರಿಸುವ ಉದ್ಯಮಕ್ಕೆ ಕೈಹಾಕಿದನು. 1922ರಲ್ಲಿ ಆ ಜನರೇ ಕ್ಯೋತೊದಲ್ಲಿ ಸುಯಿಹೇಶಾ ಎಂಬ ಸಮತೆಯ ಸಂಘವನ್ನು ಕಟ್ಟಿದರು. ಆದರೂ ಜಪಾನಿನಲ್ಲಿ ಅಂಥ ವಸತಿಗಳ ಹೆಸರುಗಳನ್ನು ಗುಟ್ಟಾಗಿ ಪಟ್ಟಿ ಮಾಡಿ ಉದ್ಯಮ ಸಂಸ್ಥೆಗಳಿಗೆ ಮಾರುತ್ತಿದ್ದುದು 1975ರಲ್ಲಿ ಬಯಲಾಯಿತು. ನೌಕರಿಗೆ ಬಂದವನ ಮೂಲವನ್ನು ಹುಡುಕಲು ಅದು ಉಪಯೋಗವಾಗುತ್ತಿತ್ತು. ಭೇದವನ್ನು ತೊಡೆಯಲು ಪ್ರತ್ಯೇಕ ಕಾನೂನು ಬಂದುದು 2016ರಲ್ಲಿ. ಆದಕಾರಣ ನಕ್ಷೆಗಳ ಮೌನಕ್ಕೆ ಎರಡು ಮುಖಗಳುಂಟು: ಒಂದು ಮರೆವು, ಇನ್ನೊಂದು ಕಾಪು. ಇಮಾದೊದಲ್ಲಿ ತಿರುಗುವವರು ಇತಿಹಾಸವನ್ನು ಅರಿತಿರಲಿ. ಇಂದಿನ ಮನೆಗಳತ್ತ ಬೆರಳು ತೋರಿಸಿ ವಿಚಾರಿಸುವುದು ಬೇಡ.

ಅಸಾಕುಸಾ ಇಂದಿಗೂ ಜಪಾನಿನ ಪಾದರಕ್ಷೆಗಳ ದೊಡ್ಡ ಪೇಟೆ. ದೇವಾಲಯದ ಪೂರ್ವದ ಹನಕವಾದೊ ಬೀದಿಯಲ್ಲಿ ಸಗಟು ವ್ಯಾಪಾರಿಗಳ ಅಂಗಡಿಗಳು ಸಾಲಾಗಿವೆ. ಉಯೆನೊ ನಿಲ್ದಾಣದಿಂದ ಬರುವವರು ಗಿಂಜಾ ಮಾರ್ಗದ ನೆಲದಡಿಯ ರೈಲನ್ನು ಹಿಡಿಯಬಹುದು. 1927ರ ಡಿಸೆಂಬರಿನಲ್ಲಿ ಏಷ್ಯಾದಲ್ಲಿ ಮೊದಲು ಓಡಿದ ಇಂಥ ರೈಲು ಈ 2.2 ಕಿಲೋಮೀಟರಿನದೇ. ಕೊನೆಯ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ ಒಂದು ಕಡೆ ನದಿ, ಇನ್ನೊಂದು ಕಡೆ ನಾಲ್ಕು ಹೆಜ್ಜೆಗೆ ಸಿಡಿಲಿನ ಬಾಗಿಲು. ಬೆಳಿಗ್ಗೆ ಎಂಟು ಗಂಟೆಯೊಳಗೆ ಹೋದವರಿಗೆ ಅಂಗಡಿಗಳು ತೆರೆದಿರುವುದಿಲ್ಲ, ಗದ್ದಲವೂ ಇರುವುದಿಲ್ಲ. ಮೂವರ ಗುಡಿಯ ಮುಂದೆ ಊರಿನ ಮುದುಕರು ಕೆಲಸಕ್ಕೆ ಹೋಗುವ ಮೊದಲು ಎರಡು ಸಲ ಚಪ್ಪಾಳೆ ತಟ್ಟಿ ಬಾಗುವುದು ಕಾಣಸಿಗುತ್ತದೆ.