ಕಿವಿ ಕೇಳದ ಮೇಷ್ಟ್ರು



ಪರ್ಕಳವಿರಲಿ, ಕಾಪುವಿರಲಿ, ಅರ್ಧದಲ್ಲೇ ಶಾಲೆ ಬಿಟ್ಟ ಮಕ್ಕಳು ನಮ್ಮ ನಡುವೆ ಇದ್ದಾರೆ. ಕಾಯಿಲೆ, ಬಡತನ, ಬೇಗನೆ ಬಂದ ಸಂಬಂಧ, ಕಾರಣ ಏನೇ ಇರಲಿ, 'ಇನ್ನು ಓದಿ ಏನಾಗಬೇಕಿದೆ?' ಎಂದು ಪುಸ್ತಕ ಮುಚ್ಚುವವರು ಹೆಚ್ಚಾಗಿ ನಾವೇ. ಅವರಿಗಾಗಿ ಈ ಸಲ ರಶ್ಯದ ಕಾನ್‌ಸ್ಟಾಂಟಿನ್ ಸಿಯೊಲ್ಕೊವ್‌ಸ್ಕಿಯ ಬದುಕನ್ನು ಹೇಳುತ್ತೇನೆ.

1857ರಲ್ಲಿ ಹುಟ್ಟಿದ ಈತನಿಗೆ ಹತ್ತು ವರ್ಷದ ಆಸುಪಾಸಿನಲ್ಲಿ ಸ್ಕಾರ್ಲೆಟ್ ಜ್ವರ ಬಂತು. ಜೀವ ಉಳಿಯಿತು, ಕಿವಿ ಬಹುಪಾಲು ಹೋಯಿತು. ಅಕ್ಷರ ಕಲಿಸಿದ ತಾಯಿ 1870ರಲ್ಲಿ ತೀರಿಕೊಂಡರು. ತರಗತಿಯಲ್ಲಿ ಪಾಠ ಕೇಳಿಸದೆ ಕೊನೆಗೆ ಶಾಲೆಯೂ ತಪ್ಪಿತು.

ಹದಿನಾರನೆಯ ವಯಸ್ಸಿನಲ್ಲಿ ತಂದೆ ಆತನನ್ನು ಮಾಸ್ಕೋಗೆ ಕಳುಹಿಸಿದರು. ಅಲ್ಲಿ ಗ್ರಂಥಾಲಯವೇ ಆತನ ಕಾಲೇಜು. ಮೂರು ವರ್ಷ ಗಣಿತ, ಭೌತಶಾಸ್ತ್ರಗಳನ್ನು ತಾನೇ ಓದಿ ಕಲಿತ. ಮನೆಯಿಂದ ಬಂದ ಹಣವನ್ನು ಪುಸ್ತಕ ಮತ್ತು ಪ್ರಯೋಗಗಳಿಗೆ ಸುರಿದು ಬರೀ ರೊಟ್ಟಿ, ನೀರಿನಲ್ಲಿ ದಿನ ದೂಡಿದ. ವಿಷಯ ತಿಳಿದ ತಂದೆ 1876ರಲ್ಲಿ ಮನೆಗೆ ಕರೆಸಿಕೊಂಡರು.

ಈಗ ವಿದ್ಯೆಯಿತ್ತು, ಸರ್ಟಿಫಿಕೇಟ್ ಇರಲಿಲ್ಲ. ಮನೆಪಾಠ ಹೇಳಬಹುದಿತ್ತು, ಮೇಷ್ಟ್ರಾಗಲು ಪರೀಕ್ಷೆ ಪಾಸಾಗಲೇಬೇಕಿತ್ತು. ಆತ 'ನನಗೆ ಎಲ್ಲವೂ ಗೊತ್ತಿದೆ, ಪರೀಕ್ಷೆ ಯಾಕೆ?' ಎನ್ನಲಿಲ್ಲ. 1879ರಲ್ಲಿ ಖಾಸಗಿಯಾಗಿ ಕುಳಿತು ತೇರ್ಗಡೆಯಾದ. ಮರುವರ್ಷ ಬೊರೊವ್‌ಸ್ಕ್ ಎಂಬ ಸಣ್ಣ ಪಟ್ಟಣದಲ್ಲಿ ಗಣಿತದ ಮೇಷ್ಟ್ರಾದ. ಮುಂದೆ ಕಲುಗಾದಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಭೌತಶಾಸ್ತ್ರವನ್ನೂ ಕಲಿಸಿದ.

ಇದೇ ಮೇಷ್ಟ್ರು 1903ರಲ್ಲಿ, ಎಷ್ಟು ಇಂಧನ ಉರಿದರೆ ರಾಕೆಟ್ ಎಷ್ಟು ವೇಗ ಪಡೆಯುತ್ತದೆ ಎಂಬ ಸೂತ್ರವನ್ನು ಪ್ರಕಟಿಸಿದರು. ಅದಿಲ್ಲದೆ ಇಂದಿಗೂ ಯಾವ ರಾಕೆಟಿನ ಲೆಕ್ಕವೂ ನಡೆಯದು. ನಮ್ಮದೇ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ತಯಾರಾದ 'ಆರ್ಯಭಟ' ಉಪಗ್ರಹ 1975ರಲ್ಲಿ ಆಕಾಶಕ್ಕೇರಿದ್ದು ಸೋವಿಯತ್ ರಾಕೆಟಿನಲ್ಲಿ.

ಸಹೋದರಿಯರೇ, ಎಲ್ಲರೂ ವಿಜ್ಞಾನಿಗಳಾಗಬೇಕೆಂದಿಲ್ಲ. ಆದರೆ ಶಾಲೆ ನಿಂತರೆ ಕಲಿಕೆಯೂ ನಿಲ್ಲಬೇಕೆಂದಿಲ್ಲ. ಮನೆಯಲ್ಲಿ ಕಲಿತದ್ದು ನಾಲ್ಕು ಜನರಿಗೆ ಉಪಯೋಗವಾಗಬೇಕಾದರೆ ಪರೀಕ್ಷೆಯ ಮೆಟ್ಟಿಲನ್ನೂ ಹತ್ತಬೇಕು. ಹದಿನಾಲ್ಕು ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಬರೆಯಬಹುದು. ಮದುವೆಯಾದವರಿಗೂ, ಮಕ್ಕಳಿರುವವರಿಗೂ ಅಲ್ಲಿ ತಡೆಯಿಲ್ಲ.

ಪ್ರವಾದಿಯವರಿಗೆ(ಸ) ಅವತೀರ್ಣವಾದ ಮೊದಲ ಆಜ್ಞೆಯೇ ಓದಿನದು. ನಿಮ್ಮ ಮಗಳೋ, ಸೊಸೆಯೋ ಬಿಟ್ಟ ಓದನ್ನು ಮತ್ತೆ ಹಿಡಿಯಬಯಸಿದರೆ, ದಿನಕ್ಕೆ ಒಂದು ಗಂಟೆ ಅವಳ ಕೈಯಿಂದ ಮನೆಗೆಲಸ ತೆಗೆದುಕೊಳ್ಳಿ. ಉಳಿದದ್ದನ್ನು ಅಲ್ಲಾಹನ ಅನುಗ್ರಹದಿಂದ ಅವಳೇ ಮಾಡಿಕೊಂಡಾಳು.