ಆರಿತೆಂದವರಾರು?

ಇಳಕಲ್ಲಿನ ಕೆಂಪು ಕಲ್ಲನ್ನು ಮನೆಯ ನೆಲಕ್ಕೆ ಹಾಸಿದವರು ನಮ್ಮಲ್ಲಿ ಅನೇಕರುಂಟು. ಬೇಸಗೆಯಲ್ಲಿಯೂ ಅಂಗಾಲಿಗೆ ತಂಪೀಯುವ ಆ ಶಿಲೆಯು 200 ಕೋಟಿ ವರ್ಷಗಳಿಗೂ ಹಿಂದೆ ಭೂಗರ್ಭದಲ್ಲಿ ಕುದಿಯುವ ದ್ರವವಾಗಿದ್ದು, ಅಲ್ಲಿಯೇ ಮೆಲ್ಲನೆ ಆರಿ ಗಟ್ಟಿಯಾದುದು. ಅಂತಹ ಶಿಲಾದ್ರವವು ಇಂದಿಗೂ ಹೊರಹೊಮ್ಮುವ ಸ್ಥಳವೊಂದು ನಮ್ಮ ದೇಶದಲ್ಲುಂಟು. ಅದು ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪ.

ಪೋರ್ಟ್ ಬ್ಲೇರಿನ ಈಶಾನ್ಯಕ್ಕೆ ಸುಮಾರು 140 ಕಿಲೋಮೀಟರು ದೂರದಲ್ಲಿರುವ ಈ ದ್ವೀಪದ ಅಗಲ ಸುಮಾರು 3 ಕಿಲೋಮೀಟರು; ಜನವಸತಿಯಿಲ್ಲ. ಭಾರತವನ್ನು ಹೊತ್ತ ಭೂಫಲಕವು ಪೂರ್ವದ ಫಲಕದ ಕೆಳಗೆ ಜಾರುತ್ತಿರುವುದರಿಂದ ಆಳದ ಶಿಲೆ ಕರಗಿ ಮೇಲೇರುತ್ತದೆ. 1787ರಲ್ಲಿ ಅದು ಬೆಂಕಿಯುಗುಳಿದುದು ದಾಖಲೆಯಲ್ಲಿದೆ. 19ನೆಯ ಶತಮಾನದ ಮಧ್ಯದ ತರುವಾಯ ಮಾತ್ರ ದೀರ್ಘ ಮೌನ.

ಹುನಗುಂದ ತಾಲೂಕಿನಲ್ಲಿ ಉಪಾಧ್ಯಾಯರಾದ ಹೊಸತರಲ್ಲಿ ನಾವು ಅದನ್ನು ‘ಆರಿದ ಜ್ವಾಲಾಮುಖಿ’ ಎಂದೇ ಬರೆಯಿಸಿದೆವು. ಬಾಲಕನೊಬ್ಬನೆದ್ದು, “ಗುರುಗಳ, ಆರೇತಂತ ಯಾರು ಮುಟ್ಟಿ ನೋಡ್ಯಾರ್ರೀ?” ಎಂದನು. ನಾವು ಗದರಿಸಿ ಕುಳ್ಳಿರಿಸಿದೆವು.

1991ರಲ್ಲಿ ಆ ಪರ್ವತವು ಮತ್ತೆ ಉರಿಯಿತು. 1994–95ರಲ್ಲಿಯೂ, 2005ರಿಂದೀಚೆಗೆ ಹಲವು ಸಾರಿಯೂ ಉರಿದಿದೆ. ಪತ್ರಿಕೆಯಲ್ಲಿ ಮೊದಲ ವಾರ್ತೆಯನ್ನೋದಿ ತಲೆತಗ್ಗಿಸಿದೆವು. ತಪ್ಪೊಪ್ಪಿಕೊಳ್ಳೋಣವೆಂದರೆ ಅಷ್ಟರಲ್ಲಿ ಆ ಬಾಲಕನು ಶಾಲೆ ಬಿಟ್ಟಾಗಿತ್ತು.

ಅವನಿಗೆ ಆ ಬುದ್ಧಿ ಬಂದುದು ಯಾವ ಪುಸ್ತಕದಿಂದ? ಬೂದಿಯ ಮೇಲೆ ಕೈಯಾಡಿಸಿ ನೋಡದೆ ಅವನ ತಾಯಿ ಒಲೆ ಸಾರಿಸಿರಲಾರಳು. ಮನೆಯ ಮಕ್ಕಳು ಪ್ರಶ್ನೆ ಕೇಳಿದಾಗ, ಮಹನೀಯರೇ, ಗದರುವ ಮುನ್ನ ನಾವೂ ಒಮ್ಮೆ ಕೈಯಾಡಿಸಿ ನೋಡೋಣ.