ಗಾಡಿಯ ಕಣ್ಣಿಗೂ ಪೊರೆ ಬರುತ್ತೆ

"ಲೈಟ್ ಹಾಕ್ಕೊಂಡು ಬರ್ಬಾರ್ದೇನ್ ಸಾ?"

ಅರಕಲಗೂಡಿಂದ ಹೊಳೆನರಸೀಪುರಕ್ಕೆ ರಾತ್ರಿ ವಾಪಸ್ ಬರ್ತಿದ್ದೆ. ಶುಂಠಿ ಮೂಟೆ ಹೇರಿದ್ದ ಟ್ರ್ಯಾಕ್ಟರ್ ಟ್ರೈಲರ್ ಕತ್ತಲಲ್ಲಿ ದಿಢೀರಂತ ಎದುರಿಗೆ ಬಂತು. ಇನ್ನೇನು ಗುದ್ದಬೇಕು, ಬ್ರೇಕ್ ಹಿಡೀತು. ಟ್ರೈಲರಿನ ಹಿಂದೆ ಒಂದು ಕೆಂಪು ಸ್ಟಿಕ್ಕರ್ ಕೂಡ ಇರಲಿಲ್ಲ. ಇಳಿದು ಬೈಯೋಣ ಅಂತ ಬಾಯಿ ತೆರೆದೆ. ನನಗಿಂತ ಮೊದಲು ಟ್ರ್ಯಾಕ್ಟರ್ ಹುಡುಗನೇ ಹೀಗಂದ. ನಾನು ಸುಮ್ಮನಾದೆ. ಯಾಕಂದ್ರೆ ನನ್ನ ಕಾರಿನ ಲೈಟು ಉರೀತಾನೇ ಇತ್ತು.

ಬೆಳಗ್ಗೆ ಎದ್ದು ನೋಡಿದೆ. ಹದಿನಾಲ್ಕು ವರ್ಷದ ಕಾರು. ಹೆಡ್‌ಲೈಟ್ ಮೇಲೆ ಹಳೇ ಎಣ್ಣೆ ಬಾಟಲಿ ಥರ ಹಳದಿ ಪೊರೆ. ಅಂಬಾಸಿಡರ್ ಕಾಲದ ದುಂಡನೆ ದೀಪಕ್ಕೆ ಈ ರೋಗ ಇರಲಿಲ್ಲ, ಅದು ಗಾಜು. ಈಗಿನದು ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್. ಹಗುರ, ಸುಲಭಕ್ಕೆ ಒಡೆಯಲ್ಲ, ಒಪ್ಪೋಣ. ಆದರೆ ಬಿಸಿಲಿನ ಅಲ್ಟ್ರಾವಯೊಲೆಟ್ ಕಿರಣ ಅದರ ಮೇಲಿನ ರಕ್ಷಣೆಯ ಲೇಪನವನ್ನು ವರ್ಷವರ್ಷ ತಿನ್ನುತ್ತಾ ಹೋಗುತ್ತೆ. ಅಮೆರಿಕದ ಎಎಎ ಎಂಬ ವಾಹನ ಮಾಲೀಕರ ಸಂಸ್ಥೆ 2018ರಲ್ಲಿ ಪರೀಕ್ಷೆ ಮಾಡಿ ಹೇಳಿತ್ತು: ಹೀಗೆ ಮಂಕಾದ ಹೆಡ್‌ಲೈಟು ಹೊಸದರ ಶೇಕಡಾ 20ರಷ್ಟು ಬೆಳಕು ಮಾತ್ರ ಕೊಡುತ್ತೆ.

ಲೆಕ್ಕ ಹಾಕಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತೆ. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್, ಅಂದ್ರೆ 25 ಮೀಟರ್. ಬ್ರೇಕ್ ಹಿಡಿದು ನಿಲ್ಲೋಕೆ ಇನ್ನೂ 20 ಮೀಟರ್ ಬೇಕು. ನಿಮಗೆ ಕಾಣೋದೇ 30 ಮೀಟರ್ ಆದರೆ ಉಳಿದ 15 ಮೀಟರಿನಲ್ಲಿ ಇರೋರ ಗತಿ?

"ತಪ್ಪು ಟ್ರೈಲರಿನದ್ದು, ಅದಕ್ಕೆ ಹಿಂದೆ ದೀಪ ಇರಬೇಕಿತ್ತು" ಅಂತೀರಿ. ಇರಬೇಕಿತ್ತು, ನಿಜ. ಆದರೆ ಸಾಯಂಕಾಲ ಡೈರಿಗೆ ಹಾಲು ಹಾಕಿ ಕ್ಯಾನ್ ಹಿಡ್ಕೊಂಡು ರಸ್ತೆ ಅಂಚಲ್ಲಿ ಬರೋ ಹೆಂಗಸಿಗೆ ಟೇಲ್ ಲೈಟ್ ಇರುತ್ತಾ? ಹಸುವಿಗೆ? ಅವರನ್ನು ಕಾಣಬೇಕಾದ್ದು ನಮ್ಮ ದೀಪ.

ಚನ್ನರಾಯಪಟ್ಟಣದ ಒಂದು ಗ್ಯಾರೇಜಿಗೆ ಹೋದೆ. "ಎಲ್‌ಇಡಿ ಹಾಕ್ಬಿಡೋಣ ಸಾರ್, ಹಗಲಾಗ್ಬಿಡುತ್ತೆ" ಅಂದ್ರು. ನಮ್ಮಲ್ಲಿ ಎಲ್ಲರೂ ಮಾಡೋದು ಇದೇ. ಕಣ್ಣಿಗೆ ಪೊರೆ ಬಂದರೆ ಮನೆಗೆ ದೊಡ್ಡ ಬಲ್ಬ್ ಹಾಕಿಸಿದ ಹಾಗೆ. ಹ್ಯಾಲೊಜೆನ್‌ಗೆ ಅಂತ ಮಾಡಿದ ರಿಫ್ಲೆಕ್ಟರಿಗೆ ಎಲ್‌ಇಡಿ ತುರುಕಿದರೆ ಫೋಕಸ್ ಕೆಡುತ್ತೆ. ಮಂಕು ಪ್ಲಾಸ್ಟಿಕ್ ಅದನ್ನು ಇನ್ನೂ ಚೆದುರಿಸುತ್ತೆ. ನಿಮ್ಮ ರಸ್ತೆ ಅಷ್ಟಕ್ಕಷ್ಟೇ, ಎದುರಿಂದ ಬರೋನು ಮಾತ್ರ ಕುರುಡ. ಹಾಸನ–ಬೆಂಗಳೂರು ಹೆದ್ದಾರಿಗೆ ಡಿವೈಡರ್ ಆದರೂ ಇದೆ. ನಮ್ಮ ತಾಲ್ಲೂಕು ರಸ್ತೆಗಳಲ್ಲಿ ಎದುರಿನವನ ಬೆಳಕು ನೇರ ಕಣ್ಣಿಗೇ.

2024ರ ಜುಲೈಯಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕೋ ಲೈಟಿಗೆ ದಂಡ ಹಾಕೋಕೆ ಶುರು ಮಾಡಿದರು. ಒಳ್ಳೇದೇ. ಆದರೆ ಜನ ಆ ಲೈಟು ಯಾಕೆ ಹಾಕಿಸ್ತಾರೆ ಅಂತ ಯಾರಾದರೂ ಕೇಳಿದರಾ? ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ವರ್ಷ ವರ್ಷ ಫಿಟ್‌ನೆಸ್ ಪರೀಕ್ಷೆ ಇದೆ, ಅದರ ಪಟ್ಟಿಯಲ್ಲಿ ಹೆಡ್‌ಲೈಟೂ ಇದೆ. ಸ್ವಂತ ಕಾರಿಗೆ ಮಾತ್ರ ಒಮ್ಮೆ ನೋಂದಣಿ ಆದರೆ 15 ವರ್ಷ ಕೇಳೋರಿಲ್ಲ. ಎಮಿಷನ್ ಟೆಸ್ಟಿನಲ್ಲಿ ಹೊಗೆ ನೋಡ್ತಾರೆ, ಬೆಳಕು ನೋಡಲ್ಲ. ಅಲ್ಲೇ ಗೋಡೆಗೆ ಒಂದು ಗೆರೆ ಎಳೆದು "ಲೈಟ್ ಹಾಕಿ ಸಾರ್" ಅನ್ನೋಕೆ ಎಷ್ಟು ಹೊತ್ತು ಬೇಕು? ಎರಡು ನಿಮಿಷ. ಸರ್ಕಾರ ಇದನ್ನು ಕಡ್ಡಾಯ ಮಾಡಲಿ.

ಸರ್ಕಾರ ಮಾಡೋ ತನಕ ನಾವು ಕಾಯಬೇಕಾಗಿಲ್ಲ. ಗ್ಯಾರೇಜಿಂದ ವಾಪಸ್ ಬಂದು ನಾನು ಮಾಡಿದ್ದು ಇಷ್ಟು: ನೀರು ಹಾಕ್ಕೊಂಡು 1000, 2000, 3000 ನಂಬರಿನ ವಾಟರ್ ಪೇಪರಿನಲ್ಲಿ ಒಂದಾದ ಮೇಲೊಂದು ಉಜ್ಜಿದೆ, ಪಾಲಿಶ್ ಹಾಕಿದೆ, ಕೊನೆಗೆ ಯುವಿ ತಡೆಯೋ ಕ್ಲಿಯರ್ ಕೋಟ್ ಹೊಡೆದೆ. ಅರ್ಧ ದಿನದ ಕೆಲಸ. ಟೂತ್‌ಪೇಸ್ಟ್ ತಿಕ್ಕಿದರೂ ಹೊಳೆಯುತ್ತೆ, ಆದರೆ ಕೋಟ್ ಇಲ್ಲದಿದ್ದರೆ ಪೊರೆ ಬೇಗನೆ ವಾಪಸ್. ಒಳಗಿನ ರಿಫ್ಲೆಕ್ಟರೇ ಕಪ್ಪಾಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಪೂರ್ತಿ ಹೆಡ್‌ಲೈಟ್ ಬದಲಾಯಿಸಬೇಕು.

ಕೆಎ-13 ನಂಬರಿನ ಹಳೇ ಗಾಡಿ ಓಡಿಸೋರೆಲ್ಲ ಹೊಸದು ತಗೊಳ್ಳಿ ಅಂತ ನಾನು ಹೇಳ್ತಿಲ್ಲ. ನನಗೇ ಆಗಲ್ಲ. ಇವತ್ತು ರಾತ್ರಿ ಗಾಡಿಯನ್ನು ಗೋಡೆ ಮುಂದೆ ನಿಲ್ಲಿಸಿ, ಲೈಟ್ ಹಾಕಿ, ಇಳಿದು ಒಮ್ಮೆ ನೋಡಿ. ನಾನು ಹಾಗೆ ನೋಡಿರಲಿಲ್ಲ. ಆ ಹುಡುಗನಿಗೆ "ಲೈಟ್ ಹಾಕಿದ್ದೆ ಕಣಪ್ಪ" ಅಂತ ಹೇಳೋಕೂ ನಾಚಿಕೆಯಾಗಿ, ಬಾಯಿ ಮುಚ್ಕೊಂಡು ಮನೆಗೆ ಬಂದಿದ್ದೆ.